ಮುಟ್ಟು ನಿಂತ ಮೇಲೆ ಹಾರ್ಮೋನ್ ಚಿಕಿತ್ಸೆ: ಮರೆವಿನ ಭಯ ಎಷ್ಟು ನಿಜ?

ಪ್ರಶ್ನೆ: ನನಗೆ 51 ವರ್ಷ, ಆಳಂದ ತಾಲೂಕಿನಲ್ಲಿ ಶಾಲಾ ಶಿಕ್ಷಕಿ. ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ದಿನಕ್ಕೆ ಏಳೆಂಟು ಸಲ ಎದೆಯಿಂದ ಮುಖದವರೆಗೆ ಬಿಸಿ ಏರಿ ಮೈಯೆಲ್ಲ ಬೆವರುತ್ತದೆ, ರಾತ್ರಿ ನಿದ್ದೆಯಿಲ್ಲ. ಪಾಠ ಮಾಡುವಾಗ ಗೊತ್ತಿರುವ ಪದವೇ ಬಾಯಿಗೆ ಬರುವುದಿಲ್ಲ. ವೈದ್ಯರು ಹಾರ್ಮೋನ್ ಮಾತ್ರೆ ಸೂಚಿಸಿದ್ದಾರೆ. ಅದರಿಂದ ಮರೆವಿನ ಕಾಯಿಲೆ ಎರಡು ಪಟ್ಟು ಹೆಚ್ಚುತ್ತದೆ ಎಂದು ನರ್ಸಿಂಗ್ ಓದುತ್ತಿರುವ ಅಣ್ಣನ ಮಗಳು ಎಚ್ಚರಿಸಿದ್ದಾಳೆ. ನಮ್ಮ ಅವ್ವ ಕೊನೆಯ ನಾಲ್ಕು ವರ್ಷ ಮಕ್ಕಳ ಗುರುತನ್ನೂ ಹಿಡಿಯಲಿಲ್ಲ. ಮಾತ್ರೆ ತೆಗೆದುಕೊಳ್ಳಲೇ, ಬೇಡವೇ?
– ಓದುಗರೊಬ್ಬರು, ಕಲಬುರಗಿ ಜಿಲ್ಲೆ

ಉತ್ತರ: ನಿಮ್ಮ ಅಣ್ಣನ ಮಗಳು ಹೇಳಿದ್ದು ಸುಳ್ಳಲ್ಲ, ಆದರೆ ಆ ಲೆಕ್ಕ ನಿಮ್ಮ ವಯಸ್ಸಿನವರದಲ್ಲ. ಅದು ಹುಟ್ಟಿದ್ದು 2003ರಲ್ಲಿ ಪ್ರಕಟವಾದ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದ ಒಂದು ಭಾಗದಿಂದ. ಅದರಲ್ಲಿದ್ದ 4,532 ಮಹಿಳೆಯರೆಲ್ಲರೂ 65 ತುಂಬಿದವರು, ಅಂದರೆ ಮುಟ್ಟು ನಿಂತು ಹತ್ತಾರು ವರ್ಷ ಕಳೆದವರು. ಅರ್ಧದಷ್ಟು ಮಂದಿಗೆ ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟೆರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧ) ಕೂಡಿದ ಮಾತ್ರೆಯನ್ನೂ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಟ್ಟು ಸರಾಸರಿ ನಾಲ್ಕು ವರ್ಷ ಗಮನಿಸಿದಾಗ, ಹಾರ್ಮೋನ್ ಪಡೆದವರಲ್ಲಿ 40 ಮಂದಿಗೂ ಪಡೆಯದವರಲ್ಲಿ 21 ಮಂದಿಗೂ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಕಂಡುಬಂತು. ‘ಎರಡು ಪಟ್ಟು’ ಎಂಬ ಮಾತು ಇದೇ. ಇದನ್ನೇ ಬೇರೆ ರೀತಿ ಹೇಳುವುದಾದರೆ, ವರ್ಷಕ್ಕೆ 10,000 ಮಹಿಳೆಯರಲ್ಲಿ 22 ಇದ್ದ ಸಂಖ್ಯೆ 45ಕ್ಕೆ ಏರಿತು. ಅಪಾಯ ಹೆಚ್ಚಿದ್ದು ನಿಜ, ಆದರೆ ಮಾತ್ರೆ ನುಂಗಿದವರಲ್ಲಿ ಬಹುತೇಕರಿಗೆ ಏನೂ ಆಗಲಿಲ್ಲ ಎಂಬುದೂ ಅಷ್ಟೇ ನಿಜ. ‘ಪಟ್ಟು’ಗಳ ಲೆಕ್ಕ ಕೇಳಿದಾಗಲೆಲ್ಲ ‘ಎಷ್ಟು ಜನರಲ್ಲಿ ಎಷ್ಟು?’ ಎಂದು ಮರುಪ್ರಶ್ನೆ ಹಾಕುವುದನ್ನು, ಗಣಿತ ಕಲಿಸುವವರಾದರೆ, ನಿಮ್ಮ ಮಕ್ಕಳಿಗೂ ಹೇಳಿಕೊಡಿ.

ಐವತ್ತರ ಆಸುಪಾಸಿನವರ ಕಥೆ ಬೇರೆಯೇ ಆಗಿದೆ. ಅದೇ ಅಧ್ಯಯನದಲ್ಲಿ 50ರಿಂದ 55ರ ವಯಸ್ಸಿನಲ್ಲಿ ಹಾರ್ಮೋನ್ ಪಡೆದಿದ್ದವರನ್ನು ಚಿಕಿತ್ಸೆ ನಿಂತು ಸರಾಸರಿ ಏಳು ವರ್ಷಗಳ ನಂತರ ಪರೀಕ್ಷಿಸಿದಾಗ, ಅವರ ನೆನಪು ಮತ್ತು ಗ್ರಹಣಶಕ್ತಿ ಹುಸಿ ಮಾತ್ರೆ ಪಡೆದವರದಕ್ಕಿಂತ ಕಡಿಮೆಯೂ ಇರಲಿಲ್ಲ, ಹೆಚ್ಚೂ ಇರಲಿಲ್ಲ. ಮುಟ್ಟು ನಿಂತ ಮೂರು ವರ್ಷಗಳ ಒಳಗೇ ಚಿಕಿತ್ಸೆ ಆರಂಭಿಸಿ ನಾಲ್ಕು ವರ್ಷ ಮುಂದುವರಿಸಿದ ‘ಕೀಪ್ಸ್’ ಎಂಬ ಇನ್ನೊಂದು ಪ್ರಯೋಗದಲ್ಲಿಯೂ ಇದೇ ಫಲ ಬಂತು. 2023ರಲ್ಲಿ ಡೆನ್ಮಾರ್ಕ್‌ನ ದಾಖಲೆಗಳಿಂದ ಬಂದ ವರದಿ ಮಾತ್ರ ಹಾರ್ಮೋನ್ ಬಳಸಿದವರಲ್ಲಿ ಡಿಮೆನ್ಶಿಯಾ ಶೇ 24ರಷ್ಟು ಹೆಚ್ಚೆಂದು ಹೇಳಿ ಮತ್ತೆ ಗಾಬರಿ ಹುಟ್ಟಿಸಿತು. ಆದರೆ ಅದು ಔಷಧ ಕೊಟ್ಟು ನೋಡಿದ ಪ್ರಯೋಗವಲ್ಲ, ಹಳೆಯ ದಾಖಲೆಗಳ ಹೋಲಿಕೆ. ತೀವ್ರ ಬಿಸಿ, ನಿದ್ದೆಗೇಡು ಇರುವವರೇ ಹೆಚ್ಚಾಗಿ ಮಾತ್ರೆ ಕೇಳುತ್ತಾರೆ; ಕೆಟ್ಟ ನಿದ್ದೆಗೂ ಮರೆವಿಗೂ ನಂಟಿರಬಹುದು; ಹೀಗಿರುವಾಗ ತಪ್ಪು ಮಾತ್ರೆಯದೇ ಎಂದು ಅದರಿಂದ ತೀರ್ಮಾನಿಸಲು ಬರುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ: ಬಿಸಿ, ಬೆವರು ಮತ್ತು ನಿದ್ದೆಗೇಡಿಗಾಗಿ ನೀವು ಈ ಚಿಕಿತ್ಸೆ ಪಡೆಯಬಹುದು, ಅವ್ವನಂತೆ ಮರೆವು ಬಾರದಿರಲಿ ಎಂದು ಮಾತ್ರ ಪಡೆಯಬೇಡಿ, ಏಕೆಂದರೆ ಆ ಕೆಲಸವನ್ನು ಅದು ಮಾಡುತ್ತದೆಂದು ಯಾವ ಪ್ರಯೋಗವೂ ತೋರಿಸಿಲ್ಲ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಯಕೃತ್ತಿನ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ ಇವುಗಳಲ್ಲಿ ಯಾವುದಾದರೂ ಇದ್ದರೆ ಅಥವಾ ಹಿಂದೆ ಆಗಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಗರ್ಭಚೀಲ ಇರುವವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಡುವಂತಿಲ್ಲ, ಅದರ ಒಳಪೊರೆ ದಪ್ಪಗಾಗಿ ಕ್ಯಾನ್ಸರ್‌ಗೆ ದಾರಿಯಾಗಬಹುದು. ಜೊತೆಗೆ ಪ್ರೊಜೆಸ್ಟೆರಾನ್ ಬೇಕೇ ಬೇಕು. ಚರ್ಮಕ್ಕೆ ಹಚ್ಚುವ ಜೆಲ್ ಇಲ್ಲವೇ ಅಂಟಿಸುವ ಪಟ್ಟಿಯ ರೂಪದ ಈಸ್ಟ್ರೋಜೆನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ ಎಂಬುದರಿಂದ ಅದರ ಬಗ್ಗೆಯೂ ಕೇಳಿ ನೋಡಿ.

ಪಾಠದ ನಡುವೆ ಪದ ತಪ್ಪುವುದು ಅವ್ವನ ಕಾಯಿಲೆಯ ಮುನ್ಸೂಚನೆ ಇರಬೇಕೆಂದಿಲ್ಲ. ಮುಟ್ಟು ನಿಲ್ಲುವ ವರ್ಷಗಳಲ್ಲಿ ಬಹಳ ಹೆಣ್ಣುಮಕ್ಕಳಿಗೆ ಹೀಗಾಗುತ್ತದೆ, ಹೆಚ್ಚಿನವರಲ್ಲಿ ಕಾಲಕ್ರಮೇಣ ಸರಿಹೋಗುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ನಿದ್ದೆಯಿಲ್ಲದೆ ರಾತ್ರಿ ಕಳೆದವರಿಗೆ ಬೆಳಿಗ್ಗೆ ಪದ ಸಿಗದಿದ್ದರೆ ಅಚ್ಚರಿಯೇನಿಲ್ಲ. ಪರಿಚಿತ ದಾರಿ ತಪ್ಪುವುದು, ಹಣದ ಲೆಕ್ಕ ಹಿಡಿಯಲಾಗದಿರುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಶುರುವಾದರೆ ಮಾತ್ರ ತಡಮಾಡದೆ ಪರೀಕ್ಷೆ ಮಾಡಿಸಿ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗವು ಡಿಮೆನ್ಶಿಯಾಕ್ಕೆ ಕಾರಣವಾಗುವ, ಆದರೆ ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಕಿವುಡು, ದೃಷ್ಟಿದೋಷ, ಕೊಲೆಸ್ಟರಾಲ್ ಎಲ್ಲವೂ ಇವೆ. ಮಾತ್ರೆಯ ಚಿಂತೆಯಲ್ಲಿ ಬಿಪಿ ನೋಡಿಸಿಕೊಳ್ಳುವುದನ್ನು ಮರೆಯಬೇಡಿ.

ಪ್ರಶ್ನೆ: ನನಗೆ 38. ನಾಲ್ಕು ವರ್ಷದ ಹಿಂದೆ ಗರ್ಭಚೀಲ ತೆಗೆಸಿದ್ದಾರೆ. ಇಷ್ಟು ಚಿಕ್ಕ ವಯಸ್ಸಿಗೆ ಹಾರ್ಮೋನ್ ಬೇಡವೆಂದು ಮನೆಯವರು ಹೇಳುತ್ತಾರೆ.
– ಓದುಗರೊಬ್ಬರು, ಯಾದಗಿರಿ

ಉತ್ತರ: ನಿಮ್ಮ ವಿಷಯದಲ್ಲಿ ಚಿಕ್ಕ ವಯಸ್ಸೇ ಚಿಕಿತ್ಸೆಗೆ ಕಾರಣವಾಗಬಹುದು. ಗರ್ಭಚೀಲದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದಿದ್ದಾರೆಯೇ ಎಂಬುದು ಮೊದಲು ತಿಳಿಯಬೇಕು. ನಮ್ಮ ಭಾಗದಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮ ಒಳಗಿಂದ ಏನೇನು ತೆಗೆದರೆಂಬುದನ್ನೇ ಯಾರೂ ಹೇಳಿರುವುದಿಲ್ಲ, ಇದು ನನ್ನ ವೃತ್ತಿಗೆ ಗೌರವ ತರುವ ಮಾತಲ್ಲ. ಅಂಡಾಶಯ ಉಳಿದಿದ್ದರೆ ಹಾರ್ಮೋನ್ ಇನ್ನೂ ಸಹಜವಾಗಿ ಹುಟ್ಟುತ್ತಿರಬಹುದು. ಎರಡೂ ಹೋಗಿದ್ದರೆ, ಮೂಳೆ ಸವೆತ, ಹೃದ್ರೋಗದ ಜೊತೆಗೆ ಮರೆವಿನ ಅಪಾಯವೂ ಹೆಚ್ಚೆಂದು ಹಲವು ಅವಲೋಕನಗಳು ತೋರಿಸಿರುವುದರಿಂದ, ಬೇರೆ ಅಡ್ಡಿಯಿಲ್ಲದವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಈಸ್ಟ್ರೋಜೆನ್ ಕೊಡುವುದು ರೂಢಿ. ಗರ್ಭಚೀಲ ಇಲ್ಲದ ಕಾರಣ ಸಾಮಾನ್ಯವಾಗಿ ಪ್ರೊಜೆಸ್ಟೆರಾನ್ ಬೇಕಾಗುವುದಿಲ್ಲ. ಆಸ್ಪತ್ರೆಯ ಬಿಡುಗಡೆ ಚೀಟಿ ಮತ್ತು ಬಯಾಪ್ಸಿ ವರದಿ ಮನೆಯಲ್ಲಿ ಎಲ್ಲಿವೆಯೆಂದು ಹುಡುಕಿ, ಅವುಗಳನ್ನು ಹಿಡಿದುಕೊಂಡೇ ಸ್ತ್ರೀರೋಗ ತಜ್ಞರ ಬಳಿ ಹೋಗಿ. ಚೀಟಿ ಸಿಗದಿದ್ದರೆ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯಿಂದಲೂ ಅಂಡಾಶಯಗಳ ಸ್ಥಿತಿ ತಿಳಿದುಕೊಳ್ಳಬಹುದು.