ಪ್ರತಿಕ್ರಿಯೆ: ಹೊಸ ದೂರುಗಳು ಆ್ಯಪ್‌ನಲ್ಲಿ ಕಾಣದಿರುವುದಕ್ಕೆ

ಶಾಖೆಗಳ ದೂರು ನೋಡುವ ನಿಮ್ಮ ಆ್ಯಪ್‌ನಲ್ಲಿ ಹೊಸ ದೂರುಗಳು ಕಾಣುತ್ತಿಲ್ಲ ಎಂದು ಕೇಳಿದ್ದೀರಿ. ಶೇರ್‌ಪಾಯಿಂಟ್ (ಮೈಕ್ರೋಸಾಫ್ಟ್‌ನಲ್ಲಿ ಡೇಟಾ ಇಡುವ ಜಾಗ) ಪಟ್ಟಿಯಲ್ಲಿ ಇರುವ ಹೊಸ ದೂರುಗಳು ಪವರ್ ಆ್ಯಪ್ಸ್‌ನಲ್ಲಿ (ಅದೇ ಕಂಪನಿಯ ಆ್ಯಪ್ ಕಟ್ಟುವ ಸಾಧನ) ಹುಡುಕಿದರೆ ಸಿಗುವುದಿಲ್ಲ ಎಂದರೆ ಕಾರಣ ಹೆಚ್ಚಾಗಿ ಡೆಲಿಗೇಶನ್ ಆಗದಿರುವುದು. ಡೆಲಿಗೇಶನ್ ಅಂದರೆ ಹುಡುಕುವ ಕೆಲಸವನ್ನು ಆ್ಯಪ್ ತಾನೇ ಮಾಡದೆ ಡೇಟಾ ಇರುವ ಕಡೆಗೇ ವಹಿಸುವುದು. ಸರ್ಚ್ ಫಂಕ್ಷನ್‌ನ ಕೆಲಸವನ್ನು ಶೇರ್‌ಪಾಯಿಂಟ್ ಮಾಡಿಕೊಡುವುದಿಲ್ಲ. ಸೆಟ್ಟಿಂಗ್ ಬದಲಿಸದಿದ್ದರೆ ಆ್ಯಪ್ ಮೊದಲ 500 ಸಾಲುಗಳನ್ನಷ್ಟೇ ತಂದು ಅದರೊಳಗೆ ಹುಡುಕುತ್ತದೆ. ಕುಂಬಳೆ, ಉಪ್ಪಳ, ಮಂಜೇಶ್ವರ ಮೂರೂ ಶಾಖೆಗಳ ದೂರು ಒಂದೇ ಪಟ್ಟಿಗೆ ಬಂದರೆ 500 ಬೇಗ ದಾಟುತ್ತದೆ ಅಲ್ವಾ?

ಮೊದಲು ಖಚಿತ ಮಾಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋ ಲಿಮಿಟ್ (ಆ್ಯಪ್ ತರುವ ಸಾಲುಗಳ ಮಿತಿ) ಅನ್ನು 1 ಮಾಡಿ ಹುಡುಕಿ. ಒಂದೇ ದೂರು ಬಂದರೆ, ಅಥವಾ ಏನೂ ಬರದಿದ್ದರೆ, ತೊಂದರೆ ಇದೇ. ಎಲ್ಲವೂ ಬಂದರೆ ನನ್ನ ಊಹೆ ತಪ್ಪು, ಆಗ ನಿಮ್ಮ ಫಾರ್ಮುಲಾ ಇಲ್ಲಿ ಹಾಕಿ. ಲಿಮಿಟ್ ಅನ್ನು 2000ಕ್ಕೆ ಏರಿಸಿ ಸುಮ್ನೆ ಬಿಡಬೇಡಿ. ಅದಕ್ಕಿಂತ ಜಾಸ್ತಿ ಆಗುವುದಿಲ್ಲ, ಕೆಲವು ತಿಂಗಳಲ್ಲಿ ಇದೇ ಗೋಳು ಮತ್ತೆ ಬರುತ್ತದೆ.

ಸರ್ಚ್ ತೆಗೆದು ಫಿಲ್ಟರ್ ಬಳಸಿ. ಶಾಖೆ, ಸ್ಥಿತಿ, ದೂರಿನ ಬಗೆ ಮೂರನ್ನೂ ಡ್ರಾಪ್‌ಡೌನ್ ಮಾಡಿ, 'ಸಮ' (=) ಚಿಹ್ನೆಯಿಂದ ಹೋಲಿಸಿ. ಈ ಕೆಲಸವನ್ನು ಶೇರ್‌ಪಾಯಿಂಟೇ ಮಾಡಿಕೊಡುತ್ತದೆ. ನಮ್ಮ ಕಾಸರಗೋಡಿನಲ್ಲಿ ಇದು ಇನ್ನೂ ಮುಖ್ಯ. ಒಬ್ಬರು 'ಪ್ರಿಂಟರ್' ಎಂದು ಕನ್ನಡದಲ್ಲಿ ಬರೆದರೆ ಇನ್ನೊಬ್ಬರು ಮಲಯಾಳದಲ್ಲಿ, ಮತ್ತೊಬ್ಬರು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅಕ್ಷರ ಹುಡುಕಿ ಮೂರನ್ನೂ ಒಟ್ಟಿಗೆ ಹಿಡಿಯಲು ಆಗದು. ಹೆಸರಿನಿಂದಲೇ ಹುಡುಕಬೇಕಿದ್ದರೆ ಸ್ಟಾರ್ಟ್ಸ್‌ವಿತ್ (ಹೆಸರಿನ ಮೊದಲ ಅಕ್ಷರಗಳನ್ನು ಹೋಲಿಸುವ ಫಂಕ್ಷನ್) ಹಾಕಿ.

ಪಟ್ಟಿ 5000 ಸಾಲು ದಾಟುವ ಮೊದಲೇ ಶಾಖೆ, ಸ್ಥಿತಿ, ಬಗೆ ಎಂಬ ಆ ಮೂರು ಕಾಲಂಗಳಿಗೆ ಶೇರ್‌ಪಾಯಿಂಟ್‌ನಲ್ಲಿ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಮಾಡಿ. ಫಾರ್ಮುಲಾದ ಕೆಳಗಿನ ಡೆಲಿಗೇಶನ್ ಎಚ್ಚರಿಕೆ ಹೋಗಿದೆಯೇ ನೋಡಿ, ಲಿಮಿಟ್ ಅನ್ನು ಮತ್ತೆ 500ಕ್ಕೆ ತಂದು ಪಬ್ಲಿಷ್ ಮಾಡಿ.