ಉಪಯೋಗಕ್ಕೆ ಬಾರದ ಕಟ್ಟಡ ಹೊಲದಲ್ಲಿ ಯಾಕೆ?

ಪುಣೆಯ ಓದುಗ ಮಿತ್ರರೇ, ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಬೆಲ್ಜಿಯಂನ ಬೋರ್ಗ್‌ಲೂನ್ ಬಯಲಿನಲ್ಲಿರುವ, ಚರ್ಚಿನ ಆಕಾರದ ಉಕ್ಕಿನ ಕಲಾಕೃತಿಯ ಫೋಟೋ ಹಾಕಿದ್ದಕ್ಕೆ ನಿಮಗೆ ಸಿಟ್ಟು ಬಂದಿದೆ. "ಮಳೆ ತಡೆಯಲ್ಲ, ಪ್ರಾರ್ಥನೆ ನಡೆಯಲ್ಲ, ಇದು ಪರದೇಶದ ಶೋಕಿ. ಅದೇ ಕಬ್ಬಿಣದಲ್ಲಿ ಹಳ್ಳಿಗೊಂದು ಬಸ್ ಸ್ಟಾಪ್ ಕಟ್ಟಬಹುದಿತ್ತಲ್ವಾ?" ಎಂದು ಕೇಳಿದ್ದೀರಿ.

ಬಸ್ ಸ್ಟಾಪಿನಿಂದಲೇ ಶುರು ಮಾಡೋಣ. ಆಸ್ಟ್ರಿಯಾದ ಕ್ರುಂಬಾಖ್ ಸುಮಾರು ಸಾವಿರ ಜನರ ಹಳ್ಳಿ. 2014ರಲ್ಲಿ ಅಲ್ಲಿ ಏಳು ಬಸ್ ಸ್ಟಾಪ್ ಕಟ್ಟಿದರು. ನಕ್ಷೆ ಹಾಕಿದವರು ಚೀನಾದ ವಾಂಗ್ ಶು, ಜಪಾನಿನ ಸೌ ಫುಜಿಮೊಟೊ ಅಂಥ ದೊಡ್ಡ ಹೆಸರಿನವರು. ಅವರು ಹಣ ತೆಗೆದುಕೊಳ್ಳಲಿಲ್ಲ, ಆ ಸೀಮೆಯಲ್ಲಿ ರಜೆ ಕಳೆಯುವ ಅವಕಾಶವೇ ಅವರ ಸಂಭಾವನೆ. ಕಟ್ಟಿದ್ದು ಅಲ್ಲಿನ ಕುಶಲಕರ್ಮಿಗಳು. ಫುಜಿಮೊಟೊ ಅವರದ್ದಂತೂ ಬರೀ ತೆಳು ಕಂಬಿಗಳು, ನಡುವೆ ಸುತ್ತಿಕೊಂಡು ಏರುವ ಮೆಟ್ಟಿಲು. ಮಳೆ ಬಂದರೆ ನೆನೆಯಲೇಬೇಕು! ಆದರೂ ಅದನ್ನು ಹತ್ತಿ ಊರು ನೋಡಬಹುದು.

ಇನ್ನು ಆ ಚರ್ಚು. 2011ರದ್ದು, 10 ಮೀಟರ್ ಎತ್ತರ, ಉಕ್ಕಿನ ತಗಡುಗಳ 100 ಪದರ, ಪದರಗಳ ನಡುವೆ ಸಂದಿ. ಒಂದು ಕಡೆಯಿಂದ ಗಟ್ಟಿ ಕಟ್ಟಡ ಕಾಣುತ್ತದೆ, ನಾಲ್ಕು ಹೆಜ್ಜೆ ಸರಿದರೆ ಕರಗಿಹೋಗಿ ಹೊಲ, ಆಕಾಶ ಅಷ್ಟೇ ಉಳಿಯುತ್ತದೆ. ಅದನ್ನು ಕಿತ್ತು ತಂದು ಮುಂಬೈನ ಮಾಲ್ ಮುಂದೆ ನಿಲ್ಲಿಸಿದರೆ ಸುಮ್ನೆ ಕಬ್ಬಿಣ. ಇಂಥ ಕೃತಿಗಳಿಗೆ ನನ್ನ ಅಳತೆ ಇದೇ: ಅದು ಆ ಜಾಗ ಬಿಟ್ಟು ಬದುಕಬಾರದು. ಹೈವೇ ಪಕ್ಕದ ರೆಸಾರ್ಟುಗಳ ಮುಂದೆ ನಿಲ್ಲಿಸುವ ಫೈಬರ್ ಆನೆ, ಜಿರಾಫೆ ಎಲ್ಲಿಟ್ಟರೂ ಒಂದೇ. ನಿಮ್ಮ ಸಿಟ್ಟು ಅವುಗಳ ಮೇಲಾದರೆ ನಾನೂ ನಿಮ್ಮ ಜೊತೆಗಿದ್ದೇನೆ.

ಪರದೇಶದ ಶೋಕಿ ಅನ್ನುವುದನ್ನು ಮಾತ್ರ ಒಪ್ಪಲಾರೆ. ನಿಮ್ಮೂರಿಂದ ಲೋನಾವಳಾ ಲೋಕಲ್ ಹತ್ತಿ ಮಳವಲಿಯಲ್ಲಿ ಇಳಿದು ಕಾರ್ಲೆಯ ಪ್ರಾಚೀನ ಬೌದ್ಧ ಗುಹೆಗೆ ಹೋಗಿ ನೋಡಿ. ಮೊಗಸಾಲೆಯ ಎರಡೂ ಬದಿಗೆ ಆನೆಗಳ ಸಾಲು. ಬಂಡೆಯಿಂದ ಅರ್ಧ ಹೊರಬಂದು, ಮೇಲಿನ ಅಂತಸ್ತುಗಳನ್ನೆಲ್ಲ ಬೆನ್ನ ಮೇಲೆ ಹೊತ್ತ ಹಾಗೆ ನಿಂತಿವೆ. ಗೋಡೆ ಎಲ್ಲಿ ಮುಗಿಯಿತು, ಶಿಲ್ಪ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗುವುದೇ ಇಲ್ಲ. ಒಳಗೆ ಹೋಗಿ ತಲೆ ಎತ್ತಿ. ಬೆಟ್ಟ ಕೊರೆದು ಮಾಡಿದ ಚಾವಣಿಗೆ ತೊಲೆಯ ಆಸರೆ ಬೇಕೇ ಇಲ್ಲ. ಆದರೂ ಬಾಗಿದ ಮರದ ತೊಲೆಗಳನ್ನು ಸಾಲಾಗಿ ಕೂರಿಸಿದ್ದಾರೆ, ಸುಮಾರು ಎರಡು ಸಾವಿರ ವರ್ಷದ ನಂತರವೂ ಅವು ಅಲ್ಲೇ ಇವೆ. ಭಾರ ಹೊರದ ಆ ತೊಲೆಗಳನ್ನು ತೆಗೆದುಬಿಟ್ಟರೆ ಕಟ್ಟಡ ಬೀಳಲ್ಲ, ಆದರೆ ಆ ಜಾಗ ಆ ಜಾಗವಾಗಿ ಉಳಿಯುತ್ತದೆಯೇ?

ದಾನ ಕೊಟ್ಟವರ ಶಾಸನಗಳೂ ಅಲ್ಲಿವೆ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಮಾಡಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎನ್ನುತ್ತದೆ ಒಂದು ಶಾಸನ. ಆ ವೈಜಯಂತಿ ನಮ್ಮ ಬನವಾಸಿಯೇ ಎಂದು ಬಹಳ ವಿದ್ವಾಂಸರು ಹೇಳುತ್ತಾರೆ.

ಮಳೆಗಾಲ ಮುಗಿದ ಮೇಲೆ ಹೋಗಿ. ಭಾನುವಾರ ಬೇಡ, ಗುಹೆಯ ಪಕ್ಕದಲ್ಲೇ ಇರುವ ಏಕವೀರಾ ದೇವಿಯ ದರ್ಶನಕ್ಕೆ ಬರುವವರ ನೂಕುನುಗ್ಗಲು ಜಾಸ್ತಿ. ನೋಡಿ ಬಂದ ಮೇಲೂ ನಿಮ್ಮ ಅಭಿಪ್ರಾಯ ಬದಲಾಗದಿದ್ದರೆ ಹಾಗೆಂದೇ ಬರೆಯಿರಿ, ಅದನ್ನೂ ಪ್ರಕಟಿಸುತ್ತೇವೆ.

— ಸಂಪಾದಕ