ನಾರ್ತ್ ಕ್ಯಾರೊಲೈನಾದ ಬೆಟ್ಟದ ರಸ್ತೆಗಳಲ್ಲಿ ಮೊದಲ ಸಲ ಬೈಕ್: ಯಾವ ದಾರಿ, ಎಷ್ಟು ಎಚ್ಚರ?

ಕೆಲಸಕ್ಕೆಂದು ರಾಲೀ ಪಕ್ಕದ ಕ್ಯಾರಿಗೆ ಬಂದಿದ್ದೀರಿ, ಊರಲ್ಲಿ ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಬುಲೆಟ್ ಓಡಿಸಿದ ಅಭ್ಯಾಸವಿದೆ, ಅಕ್ಟೋಬರಿನಲ್ಲಿ ಬೈಕ್ ಬಾಡಿಗೆಗೆ ತೆಗೆದುಕೊಂಡು ಹೆಸರಾಂತ 'ಟೇಲ್ ಆಫ್ ದ ಡ್ರ್ಯಾಗನ್'ನಿಂದಲೇ ಶುರು ಮಾಡಬಹುದೇ ಎಂದು ಕೇಳಿದ್ದೀರಿ. ಮೊದಲ ಸಲಕ್ಕೆ ಅದು ಬೇಡ ಎಂಬುದೇ ನನ್ನ ಉತ್ತರ. ನಿಮ್ಮ ಘಾಟಿ ಅನುಭವ ಕಡಿಮೆ ಎಂದಲ್ಲ. ಆ ರಸ್ತೆ ಕಲಿಯಲು ಬಿಡುವೇ ಕೊಡುವುದಿಲ್ಲ. 11 ಮೈಲಿಯಲ್ಲಿ 318 ತಿರುವು, ಡೀಲ್ಸ್ ಗ್ಯಾಪ್ ಎಂಬ ಗಡಿಯ ಕಣಿವೆದಾರಿ ದಾಟಿದ ಕೂಡಲೇ ಟೆನೆಸಿ ರಾಜ್ಯ ಶುರು. ಕಣಿವೆ ಕಾಣುವ ಜಾಗ ತೀರಾ ಕಡಿಮೆ, ಉದ್ದಕ್ಕೂ ಕಾಡೊಳಗಿನ ತಿರುವುಗಳೇ. ಡೀಲ್ಸ್ ಗ್ಯಾಪಿನಲ್ಲಿ ಅಪಘಾತಕ್ಕೀಡಾದ ಬೈಕುಗಳ ಮುರಿದ ಭಾಗಗಳನ್ನು ನೇತುಹಾಕಿದ ಒಂದು ಮರವಿದೆ. ಹೊರಡುವ ಮೊದಲು ಅದನ್ನು ನೋಡಿದವರು ನಿಧಾನವಾಗಿ ಹೋಗಿದ್ದನ್ನು ನಾನು ನೋಡಿದ್ದೇನೆ.

ನಾನಾದರೆ ಬೆಟ್ಟಗಳ ನಡುವಿನ ಆಶ್‌ವಿಲ್ ಊರಿನಿಂದ ಶುರು ಮಾಡಲು ಹೇಳುತ್ತೇನೆ. ರಾಲೀಯಿಂದ ಅಲ್ಲಿಗೆ ಐ-40 ಹೆದ್ದಾರಿಯಲ್ಲಿ ಸುಮಾರು 250 ಮೈಲಿ. ಆ ದೂರವನ್ನು ಟ್ರಕ್ಕುಗಳ ನಡುವೆ ಬೈಕಿನಲ್ಲಿ ಕ್ರಮಿಸಿ, ದಣಿದ ಮೈಯಲ್ಲಿ ಬೆಟ್ಟ ಹತ್ತಬೇಡಿ. ಕಾರಿನಲ್ಲಿ ಹೋಗಿ, ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಬೈಕ್ ತೆಗೆದುಕೊಳ್ಳಿ. ಅಲ್ಲಿಂದ ಬ್ಲೂ ರಿಡ್ಜ್ ಪಾರ್ಕ್‌ವೇ ಹಿಡಿದು ದಕ್ಷಿಣಕ್ಕೆ ಹೊರಟು, ಮೈಲಿಗಲ್ಲು 412ರ ಹತ್ತಿರ ಯುಎಸ್ 276 ಹೆದ್ದಾರಿಗೆ ಇಳಿಯಿರಿ. ಪಿಸ್ಗಾ ಕಾಡಿನೊಳಗೆ ಇಳಿಯುವ ಈ ರಸ್ತೆಯ ಅಂಚಿನಲ್ಲೇ ಲುಕಿಂಗ್ ಗ್ಲಾಸ್ ಜಲಪಾತ ಸಿಗುತ್ತದೆ, ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ಇಟ್ಟರೆ ನೀರಿನ ಹನಿ ಮುಖಕ್ಕೆ ಬೀಳುತ್ತದೆ. ಬ್ರೆವಾರ್ಡ್‌ನಲ್ಲಿ ಊಟ. ಆಮೇಲೆ ಯುಎಸ್ 64ರಲ್ಲಿ ರೋಸ್‌ಮನ್ ಕಡೆಗೆ ಸಾಗಿ ಎನ್‌ಸಿ 215 ಹತ್ತಿ. ಈ ರಸ್ತೆಯಲ್ಲಿ ಜನ ಕಡಿಮೆ, ಪಕ್ಕದಲ್ಲಿ ಹೊಳೆ, ಏರು ಹದವಾಗಿದೆ. ಇಡೀ ಸುತ್ತಿನಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ ಇದೇ. ಮೇಲೆ ಬೀಚ್ ಗ್ಯಾಪ್‌ನಲ್ಲಿ ಮತ್ತೆ ಪಾರ್ಕ್‌ವೇ ಸೇರುತ್ತೀರಿ. ಅಲ್ಲಿಂದ ಆಶ್‌ವಿಲ್ ಕಡೆಗೆ ತಿರುಗಿದರೆ ಡೆವಿಲ್ಸ್ ಕೋರ್ಟ್‌ಹೌಸ್ ಬಂಡೆ, ಗ್ರೇವ್‌ಯಾರ್ಡ್ ಫೀಲ್ಡ್ಸ್ ಬಯಲು, ಲುಕಿಂಗ್ ಗ್ಲಾಸ್ ಬಂಡೆಯ ನೋಟ ಒಂದರ ಹಿಂದೆ ಒಂದು. ಹೊತ್ತಿದ್ದರೆ ತಿರುಗುವ ಮೊದಲು ಇನ್ನೊಂದೆಂಟು ಮೈಲಿ ಮುಂದೆ ಹೋಗಿ ರಿಚ್‌ಲ್ಯಾಂಡ್ ಬಾಲ್ಸಮ್ ನೋಡಿ ಬನ್ನಿ. 6,053 ಅಡಿಯ ಆ ಜಾಗವೇ ಪಾರ್ಕ್‌ವೇಯ ನೆತ್ತಿ.

ಪಾರ್ಕ್‌ವೇ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು. 1935ರಲ್ಲಿ ಶುರುವಾದ 469 ಮೈಲಿಯ ಈ ರಸ್ತೆ ಮುಗಿದದ್ದು 1987ರಲ್ಲಿ. ಕೊನೆಗೆ ಉಳಿದಿದ್ದ ತುಂಡು ಗ್ರ್ಯಾಂಡ್‌ಫಾದರ್ ಬೆಟ್ಟದ ಮಗ್ಗುಲಿನದು. ಬೆಟ್ಟವನ್ನು ಕಡಿಯಬಾರದೆಂದು ಲಿನ್ ಕೋವ್ ವಯಾಡಕ್ಟ್ ಎಂಬ ಸೇತುವೆಯನ್ನು 153 ಕಾಂಕ್ರೀಟ್ ತುಂಡುಗಳಲ್ಲಿ, ಕಟ್ಟಿದ ಭಾಗದ ಮೇಲಿಂದಲೇ ಮುಂದಿನದನ್ನು ಜೋಡಿಸುತ್ತ ಕಟ್ಟಿದರು. ಆಶ್‌ವಿಲ್‌ನ ಉತ್ತರಕ್ಕಿರುವ ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಇಡೀ ಪಾರ್ಕ್‌ವೇಯಲ್ಲಿ ಲಾರಿಗಳಿಲ್ಲ, ಟೋಲ್ ಇಲ್ಲ, ಜಾಹೀರಾತು ಫಲಕಗಳಿಲ್ಲ. ಪೆಟ್ರೋಲ್ ಬಂಕೂ ಇಲ್ಲ! ಟ್ಯಾಂಕ್ ಅರ್ಧವಾದಾಗಲೇ ಕೆಳಗಿನ ಊರಿಗೆ ಇಳಿದು ತುಂಬಿಸಿಕೊಳ್ಳಿ. ವೇಗಮಿತಿ ಹೆಚ್ಚೆಂದರೆ ಗಂಟೆಗೆ 45 ಮೈಲಿ. ಈ ಮಿತಿಗೆ ಕಾರಣವಿದೆ. ಇಲ್ಲಿನ ಕೆಲವು ತಿರುವುಗಳು ಒಳಹೊಕ್ಕಾಗ ಅಗಲವಾಗಿ ಕಂಡು, ನಡುವಿಗೆ ಬರುವಷ್ಟರಲ್ಲಿ ಬಿಗಿಯಾಗುತ್ತವೆ. ತಿರುವಿನ ಕೊನೆ ಕಣ್ಣಿಗೆ ಕಾಣುವವರೆಗೆ ಆಕ್ಸಿಲರೇಟರ್ ತಿರುಗಿಸಬೇಡಿ. ಬ್ರೇಕು, ಗೇರು ಎಲ್ಲ ತಿರುವಿಗೆ ಮೊದಲೇ ಮುಗಿದಿರಲಿ. ಒಳಗೆ ಹೋದ ಮೇಲೆ ವೇಗ ಜಾಸ್ತಿ ಅನ್ನಿಸಿದರೆ ಮುಂದಿನ ಬ್ರೇಕನ್ನು ಥಟ್ಟನೆ ಹಿಡಿಯದೆ, ಹೋಗಬೇಕಾದ ಕಡೆಗೆ ತಲೆ ತಿರುಗಿಸಿ ನೋಡಿ, ಇನ್ನಷ್ಟು ವಾಲಿ.

ಇನ್ನು ನಮ್ಮವರಿಗೆಂದೇ ಹೇಳಬೇಕಾದ ಮಾತು. ಅಮೆರಿಕದ ಸುರಕ್ಷತಾ ಪಟ್ಟಿಗಳಲ್ಲಿ ಇದು ಸಾಮಾನ್ಯವಾಗಿ ಸಿಗುವುದಿಲ್ಲ, ಏಕೆಂದರೆ ಅವನ್ನು ಬರೆದವರು ಹುಟ್ಟಿದಾಗಿನಿಂದ ಬಲಗಡೆ ಓಡಿಸಿದವರು. ಘಾಟಿಯಲ್ಲಿ ಎದುರಿಂದ ಬಸ್ಸು ಬಂದಾಗ ನಾವು ಯೋಚಿಸದೆ ಎಡಕ್ಕೆ ಸರಿಯುತ್ತೇವೆ. ಇಷ್ಟು ವರ್ಷ ಜೀವ ಉಳಿಸಿದ ಅದೇ ಅಭ್ಯಾಸ ಅಮೆರಿಕದಲ್ಲಿ ನಿಮ್ಮನ್ನು ನೇರವಾಗಿ ಎದುರು ಬರುವ ಗಾಡಿಯ ಮುಂದೆ ಒಯ್ಯುತ್ತದೆ. ಕಾರು ಓಡಿಸಿ ಬಲಗಡೆ ಅಭ್ಯಾಸವಾಗಿದೆಯಲ್ಲ ಎನ್ನಬೇಡಿ, ಬೈಕಿನ ಮೇಲೆ ಗಾಬರಿಯಾದಾಗ ಹಳೆಯ ಕೈಯೇ ಕೆಲಸ ಮಾಡುತ್ತದೆ. ಅತಿ ಹೆಚ್ಚು ಅಪಾಯವಿರುವುದು ನೋಟದ ಜಾಗಗಳಲ್ಲಿ ನಿಲ್ಲಿಸಿ, ಫೋಟೊ ತೆಗೆದು, ಮತ್ತೆ ಖಾಲಿ ರಸ್ತೆಗೆ ಬರುವಾಗ. ಅನುಸರಿಸಲು ಮುಂದೆ ಗಾಡಿ ಇರುವುದಿಲ್ಲ, ಮನಸ್ಸು ಬೆಟ್ಟದ ಮೇಲಿರುತ್ತದೆ, ಬೈಕು ತಾನಾಗಿ ಎಡ ಲೇನಿಗೆ ಹೋಗುತ್ತದೆ. ಟ್ಯಾಂಕಿನ ಮೇಲೆ ಬಲಕ್ಕೆ ತೋರಿಸುವ ಬಾಣದ ಗುರುತೊಂದನ್ನು ಟೇಪಿನಿಂದ ಅಂಟಿಸಿಕೊಳ್ಳಿ. ಪ್ರತಿ ಸಲ ಹೊರಡುವಾಗಲೂ 'ಬಲಕ್ಕೆ' ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ನಾನು ಈಗಲೂ ಹೇಳಿಕೊಳ್ಳುತ್ತೇನೆ.

ತಿರುವುಗಳ ಲೆಕ್ಕವೂ ಅದಲುಬದಲು. ಊರಲ್ಲಿ ಎಡ ತಿರುವು ಒಳಗಿನದು, ಬಿಗಿ; ಇಲ್ಲಿ ಬಲ ತಿರುವು. ಬಲಕ್ಕೆ ತಿರುಗುವಾಗ ವೇಗ ಹೆಚ್ಚಾದರೆ ಹಳದಿ ಜೋಡಿಗೆರೆ ದಾಟಿ ಎದುರಿನ ಲೇನಿಗೆ ಬೀಳುತ್ತೀರಿ. ಎಡ ತಿರುವಿನಲ್ಲಿ ಬೇರೆ ತೊಂದರೆ: ಚಕ್ರ ನಿಮ್ಮ ಲೇನಿನಲ್ಲೇ ಇದ್ದರೂ, ಗೆರೆಗೆ ಅಂಟಿಕೊಂಡು ವಾಲಿದರೆ ತಲೆ, ಭುಜ ಗೆರೆಯಾಚೆ ಇರುತ್ತವೆ. ಹಾಗಾಗಿ ಎಡ ತಿರುವನ್ನು ಲೇನಿನ ಬಲ ಅರ್ಧದಲ್ಲೇ ಮುಗಿಸಿ. ಕಾಣದ ತಿರುವಿನಲ್ಲಿ ಹಾರ್ನ್ ಹೊಡೆಯುವ ರೂಢಿ ಇಲ್ಲಿಲ್ಲ, ಎದುರಿಂದ ಯಾರೂ ಸದ್ದು ಮಾಡಿ ಬರುವುದಿಲ್ಲ. ಊರೊಳಗೆ ಕಾರುಗಳು ಎಡಕ್ಕೆ ತಿರುಗುವಾಗ ನಿಮ್ಮನ್ನು ಅಡ್ಡ ಹಾಯುತ್ತವೆ. ಚಾಲಕರ ಕಣ್ಣಿಗೆ ನೀವು ಬಿದ್ದಿದ್ದೀರೆಂದು ನಂಬದೆ ವೇಗ ಇಳಿಸಿ.

ಅಕ್ಟೋಬರಿನಲ್ಲಿ ಎಲೆಗಳು ಬಣ್ಣ ತಿರುಗಿ ಬೆಟ್ಟವೆಲ್ಲ ಕೆಂಪು, ಹಳದಿ. ಉದುರಿದ ಎಲೆಗಳು ಒದ್ದೆಯಾದರೆ ಮಲೆನಾಡಿನ ಪಾಚಿ ಕಟ್ಟಿದ ಅಂಗಳದ ಹಾಗೆ ಜಾರುತ್ತವೆ. ಆಶ್‌ವಿಲ್‌ನಲ್ಲಿ ಹಿತವಾಗಿದ್ದ ಬಿಸಿಲು ಆರು ಸಾವಿರ ಅಡಿಯಲ್ಲಿ ಚಳಿಯಾಗುತ್ತದೆ, ಮಂಜು ಕವಿಯುತ್ತದೆ. ಜಾಕೆಟ್ಟಿನೊಳಗೆ ಹಾಕಲು ಇನ್ನೊಂದು ಪದರ, ಮಳೆ ಅಂಗಿ ಎರಡೂ ಇರಲಿ. ಸುರಂಗಗಳಲ್ಲಿ ಹೆಡ್‌ಲೈಟ್ ಬೇಕು. ಹೊರಗಿನ ಬೆಳಕಿನಿಂದ ಒಳಹೊಕ್ಕಾಗ ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ, ನೆಲವೂ ಒದ್ದೆಯಿರಬಹುದು. ಸಂಜೆ ಜಿಂಕೆಗಳು ರಸ್ತೆಗೆ ಬರುತ್ತವೆ. ಕತ್ತಲಾಗುವ ಮೊದಲೇ ಇಳಿದುಬಿಡಿ. ಮೊಬೈಲ್ ಸಿಗ್ನಲ್ ಎಷ್ಟೋ ಕಡೆ ಇರುವುದಿಲ್ಲ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡು, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯವರಿಗೆ ಹೇಳಿ ಹೋಗಿ.

ಕಾಗದಪತ್ರದ ವಿಷಯ: ಇಲ್ಲಿನ ಕಾರಿನ ಲೈಸೆನ್ಸ್ ಸಾಲದು, ಅದರ ಮೇಲೆ ಮೋಟಾರ್‌ಸೈಕಲ್ ಅನುಮತಿ ಬೇಕು. ಓಡಿಸುವವರಿಗೂ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ, ಅದು ಇಲ್ಲಿನ ಡಾಟ್ (ಅಮೆರಿಕದ ಸಾರಿಗೆ ಇಲಾಖೆ) ಮಾನದಂಡದ್ದಾಗಿರಬೇಕು. ಊರಿಂದ ತಂದ ಬರೀ ಐಎಸ್ಐ ಗುರುತಿನ ಹೆಲ್ಮೆಟ್ ಕಾನೂನಿಗೆ ಸಾಲುವುದಿಲ್ಲ. ವಿಮೆಯಲ್ಲಿ ಬೈಕ್ ಅಪಘಾತ ಸೇರಿದೆಯೇ ಎಂದೂ ಓದಿ ನೋಡಿ. ಕಮ್ಯುನಿಟಿ ಕಾಲೇಜುಗಳಲ್ಲಿ ಬೈಕ್ ಓಡಿಸುವ ಮೂಲ ತರಬೇತಿ ನಡೆಯುತ್ತದೆ. ಘಾಟಿ ಓಡಿಸಿದವರಿಗೆ ಅದೇಕೆ ಎನ್ನಬೇಡಿ, ಬಲಗಡೆಯ ಅಭ್ಯಾಸವನ್ನು ಮೈಗೆ ಹಿಡಿಸಲು ಖಾಲಿ ಮೈದಾನಕ್ಕಿಂತ ಒಳ್ಳೆಯ ಜಾಗವಿಲ್ಲ. 'ಬೈಕ್‌ಸೇಫ್' ಕಾರ್ಯಕ್ರಮದಲ್ಲಿ ಪೊಲೀಸ್ ಸವಾರರೇ ನಿಮ್ಮ ಹಿಂದೆ ಬಂದು ನಿಮ್ಮ ಓಡಾಟ ನೋಡಿ ತಿದ್ದುತ್ತಾರೆ. ಮೂಲ ತರಬೇತಿ ಮುಗಿದ ಮೇಲೆ ಅಲ್ಲಿಗೂ ಹೋಗಿ.

2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತದಲ್ಲಿ ಈ ಬೆಟ್ಟಗಳು ಕುಸಿದು, ಪಾರ್ಕ್‌ವೇ ಎಷ್ಟೋ ಕಡೆ ಕೊಚ್ಚಿಹೋಯಿತು. ಬೆಳಿಗ್ಗೆ ಹೊರಡುವ ಮುನ್ನ ನ್ಯಾಷನಲ್ ಪಾರ್ಕ್ ಸರ್ವೀಸ್‌ನ ಪುಟದಲ್ಲಿ ಯಾವ ಮೈಲಿಯಿಂದ ಯಾವ ಮೈಲಿಗೆ ರಸ್ತೆ ತೆರೆದಿದೆ ಎಂದು ನೋಡಿ. ಮುಚ್ಚಿದ ಗೇಟಿನ ಪಕ್ಕದಿಂದ ನುಸುಳಬೇಡಿ. ಆ ನೆರೆಯಲ್ಲಿ ಬಹಳ ಕಳೆದುಕೊಂಡ ಸಣ್ಣ ಊರುಗಳಿವೆ. ಊಟ, ವಸತಿ ಅಲ್ಲೇ ಮಾಡಿಕೊಂಡರೆ ನನಗೆ ಸಂತೋಷ. ಅಕ್ಟೋಬರ್ ಮಧ್ಯದ ಶನಿವಾರ, ಭಾನುವಾರಗಳಲ್ಲಿ ಎಲೆ ನೋಡಲು ಬಂದ ಕಾರುಗಳು ಸಾಲುಗಟ್ಟಿ, ಸೂಚನೆಯಿಲ್ಲದೆ ನಿಲ್ಲುತ್ತವೆ. ಸಾಧ್ಯವಾದರೆ ಮಂಗಳವಾರವೋ ಬುಧವಾರವೋ ರಜೆ ಹಾಕಿ ಹೋಗಿ.